ಗಂಟೆಯ ಕರೆಂಟು, ಮಾತಿನ ಕರೆಂಟು

ಅಪ್ಪ ಫೋನ್ ಮಾಡಿದಾಗ ಬೆಳಗಿನ ಐದೂವರೆ. ಮಾರತ್ತಹಳ್ಳಿಯಲ್ಲಿ ಆ ಹೊತ್ತಿಗೆ ನೈಟ್ ಶಿಫ್ಟ್ ಮುಗಿಸಿ ಬರುವ ಕ್ಯಾಬುಗಳ ಸದ್ದು ಬಿಟ್ಟರೆ ಬೇರೇನೂ ಇರೋದಿಲ್ಲ.

"ತಮ್ಮಾ, ನಿನ್ನ ಪೆಟಗಿ ರಾತ್ರಿಯೆಲ್ಲಾ ನೀರ ಬಿಟ್ಟೈತಿ ನೋಡ. ಸಸಿ ಮಡಿ ಕೆರಿ ಆಗೇತಿ."

ಬೈಯಲಿಲ್ಲ. "ಆತು, ನೀ ಆಫೀಸಿಗೆ ಹೋಗು" ಅಂತ ಹೇಳಿ ಇಟ್ಟುಬಿಟ್ಟ. ಬೈದಿದ್ದರೆ ಒಳ್ಳೇದಿತ್ತು.

ನಮ್ಮ ಊರು ಕಿತ್ತೂರಿನಿಂದ ಎಂಟು ಕಿಲೋಮೀಟರು. ನಾಲ್ಕು ಎಕರೆ ಹೊಲ, ಒಂದು ಬೋರ್‌ವೆಲ್. ತ್ರೀ ಫೇಸ್ ಕರೆಂಟು ಹೆಚ್ಚಾಗಿ ಬರೋದು ರಾತ್ರಿ. ಆಟೋ ಸ್ಟಾರ್ಟರ್ ಇರೋದರಿಂದ ಮೋಟರು ತಾನಾಗೇ ಶುರುವಾಗುತ್ತೆ, ಆದರೆ ಒಂದು ಭಾಗಕ್ಕೆ ನೀರು ಸಾಕಾದ ಮೇಲೆ ಇನ್ನೊಂದು ಭಾಗದ ವಾಲ್ವ್ ತೆಗೆದು ಮೊದಲಿನದನ್ನು ಮುಚ್ಚೋಕೆ ಮನುಷ್ಯನೇ ಹೋಗಬೇಕು. ಅರವತ್ತು ದಾಟಿದ ಅಪ್ಪ ರಾತ್ರಿ ಎರಡು ಗಂಟೆಗೆ ಕೈಯಲ್ಲಿ ಬ್ಯಾಟ್ರಿ ಹಿಡಿದು ಹೋಗುತ್ತಿದ್ದ. ಹೋದ ವರ್ಷ ವಾಲ್ವಿನ ಗುಂಡಿಯಲ್ಲಿ ಕೊಳಕುಮಂಡಲ ಸುರುಳಿ ಸುತ್ತಿ ಕೂತಿತ್ತು. ಅದನ್ನು ಅಪ್ಪ ಹೇಳಲಿಲ್ಲ, ಅವ್ವ ಹೇಳಿದಳು.

ನಾನು ಬಿಇ ಓದಿ, ಹನ್ನೆರಡು ವರ್ಷದಿಂದ ಕೋಡ್ ಬರೆದು ಹೊಟ್ಟೆ ಹೊರೆಯುವವನು. ಇದೇನು ಮಹಾ ಅಂದುಕೊಂಡೆ. ಒಂದು ಮೈಕ್ರೊಕಂಟ್ರೋಲರ್ ಬೋರ್ಡು, ಎಸ್‌ಪಿ ರೋಡಿನಿಂದ ತಂದ ನಾಲ್ಕು ರಿಲೇಗಳ ನೀಲಿ ಬೋರ್ಡು, 24 ವೋಲ್ಟ್ ಎಸಿಯಲ್ಲಿ ಕೆಲಸ ಮಾಡುವ ಸೊಲೆನಾಯ್ಡ್ ವಾಲ್ವುಗಳು, ಒಂದು ಟ್ರಾನ್ಸ್‌ಫಾರ್ಮರು. 24 ವೋಲ್ಟನ್ನು ಬೇಕಂತಲೇ ಆರಿಸಿಕೊಂಡೆ. ಒದ್ದೆ ಮಣ್ಣಿನಲ್ಲಿ ಬರಿಗಾಲಲ್ಲಿ ಓಡಾಡುವ ಜನ, ವೈರು ಕಿತ್ತುಬಂದರೂ ಪ್ರಾಣ ಹೋಗಬಾರದು. ಪೆಟ್ಟಿಗೆ ಮನೆಯ ಹಿಂದಿನ ಗೋಡೆಗೆ, ಅಲ್ಲಿಂದ ಹೊಲಕ್ಕೆ ಕೇಬಲ್ಲು. ಮಾರತ್ತಹಳ್ಳಿಯ ರೂಮಿನ ಟೇಬಲ್ ಮೇಲೆ ಹದಿನೈದು ದಿನ ಬಿಡದೆ ಓಡಿಸಿ ನೋಡಿದ್ದೆ. ವಾಲ್ವಿನ ಜಾಗದಲ್ಲಿ 24 ವೋಲ್ಟಿನ ಸಣ್ಣ ಬಲ್ಬುಗಳನ್ನು ಹಾಕಿದ್ದೆ, ಸರದಿ ಪ್ರಕಾರ ಚೆಂದ ಹತ್ತಿ ಆರುತ್ತಿದ್ದವು. ಒಂದೇ ಒಂದು ಸಲವೂ ತಪ್ಪಲಿಲ್ಲ.

ಊರಲ್ಲಿ ಒಂಬತ್ತನೇ ರಾತ್ರಿ ತಪ್ಪಿತು. ಮೋಟರಿನ ಒತ್ತಡಕ್ಕೆ ಪೈಪು ಒಡೆಯಬಾರದು ಅಂತ ಮೊದಲು ಎರಡನೇ ವಾಲ್ವ್ ತೆರೆದು, ಆಮೇಲೆ ಒಂದನೆಯದನ್ನು ಮುಚ್ಚುವಂತೆ ಬರೆದಿದ್ದೆ. ಎರಡನೆಯದು ತೆರೆಯಿತು, ಒಂದನೆಯದು ಮುಚ್ಚಿತು, ಆ ಕ್ಷಣಕ್ಕೆ ಮೈಕ್ರೊಕಂಟ್ರೋಲರ್ ಸ್ತಬ್ಧ. ಎರಡನೇ ವಾಲ್ವ್ ಬೆಳತನಕ ತೆರೆದೇ ಇತ್ತು. ಮೆಣಸಿನಕಾಯಿ ಸಸಿ ಇದ್ದದ್ದು ಅಲ್ಲೇ, ತಗ್ಗಿನ ಕಡೆ. ಮೂರು ದಿನ ಬಿಟ್ಟು ಬುಡ ಕೊಳೆತು ಬಾಗಿದವು. ಅಪ್ಪ ಬೇರೆಯವರ ಹತ್ತಿರ ದುಡ್ಡು ಕೊಟ್ಟು ಸಸಿ ತಂದು ಹಚ್ಚಿದ. ರಾತ್ರಿ ಎರಡಕ್ಕೆ ಬ್ಯಾಟ್ರಿ ಹಿಡಿದು ಮತ್ತೆ ಹೋಗತೊಡಗಿದ.

ಸಾಫ್ಟ್‌ವೇರಿನವನು ಏನು ಮಾಡ್ತಾನೆ? ಕೋಡ್ ನೋಡ್ತಾನೆ. ಮೂರು ವಾರ ನೋಡಿದೆ. ಮೆಮೊರಿ ಎಲ್ಲಿ ಸೋರುತ್ತಿದೆ, ಟೈಮರ್ ಎಲ್ಲಿ ಉಕ್ಕುತ್ತಿದೆ ಅಂತ ಸಾಲು ಸಾಲು ಬಗೆದೆ. ಏನೂ ಸಿಗಲಿಲ್ಲ. ಸಿಕ್ಕಿದ್ದು ಕೆಳಗಿನ ಮನೆಯಲ್ಲಿ.

ನಮ್ಮ ಓನರ್ ಅಂಕಲ್ ಐಟಿಐನಿಂದ ರಿಟೈರ್ ಆದವರು. ಈಗಿನ ಹುಡುಗರಿಗೆ ಐಟಿಐ ಅಂದರೆ ಡಿಪ್ಲೊಮಾದ ತಮ್ಮ. ಇದು ಅದಲ್ಲ, ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್. ಇಲ್ಲಿಂದ ರಿಂಗ್ ರೋಡಿನಲ್ಲಿ 500ಡಿ ಬಸ್ಸು ಹತ್ತಿ ಮಹದೇವಪುರ ದಾಟಿ ಟಿನ್ ಫ್ಯಾಕ್ಟರಿಯಲ್ಲಿ ಇಳಿದರೆ, ಹಳೇ ಮದ್ರಾಸ್ ರಸ್ತೆಯ ಪಕ್ಕದಲ್ಲಿ ದೂರವಾಣಿನಗರ. ಊರಿಗೆ ಟೆಲಿಫೋನಿನ ಹೆಸರೇ ಇಟ್ಟುಬಿಟ್ಟಿದ್ದಾರೆ. ನಾನು ಆ ಬೋರ್ಡಿನ ಮುಂದೆ ನೂರಾರು ಸಲ ಟ್ರಾಫಿಕ್ಕಿನಲ್ಲಿ ನಿಂತಿದ್ದೇನೆ, ಒಳಗೆ ಏನಾಗುತ್ತಿತ್ತು ಅಂತ ಒಂದು ದಿನವೂ ಯೋಚಿಸಿದವನಲ್ಲ.

ಬಾಡಿಗೆ ಕೊಡೋಕೆ ಹೋದಾಗ ಮುಖ ನೋಡಿ ಕೇಳಿದರು, ಹೇಳಿದೆ. ಅಂಕಲ್ ಕನ್ನಡಕ ಮೇಲೆ ಮಾಡಿ, "ಟೇಬಲ್ ಮೇಲೆ ಏನಪ್ಪಾ ಹಾಕಿ ಟೆಸ್ಟ್ ಮಾಡ್ದೆ?" ಅಂದರು.

"ಬಲ್ಬು ಅಂಕಲ್."

"ಬಲ್ಬು ಪಾಪ ಸಾಧು ಪ್ರಾಣಿ ಕಣಪ್ಪ. ಆರು ಅಂದ್ರೆ ಆರತ್ತೆ. ಕಾಯಿಲ್ ಹಂಗಲ್ಲ. ಆರಿಸಿದ್ರೆ ಒದೆಯತ್ತೆ."

ಅವರು ರಿಲೇ ಅಡ್ಜಸ್ಟ್ ಮಾಡುವ ವಿಭಾಗದಲ್ಲಿ ಇದ್ದವರು. ಮುಂದಿನ ಎರಡು ಭಾನುವಾರ ಅವರ ವರಾಂಡದಲ್ಲಿ ಕೂತು ಕೇಳಿದ್ದನ್ನೂ, ಆಮೇಲೆ ನಾನೇ ಹುಡುಕಿ ಓದಿದ್ದನ್ನೂ ಸೇರಿಸಿ ಇಲ್ಲಿ ಬರೀತಿದೀನಿ. ನನ್ನ ಪೆಟ್ಟಿಗೆ ಕೆಟ್ಟದ್ದರ ಹಿಂದೆ ಸುಮಾರು ಇನ್ನೂರು ವರ್ಷದ ಕತೆ ಇತ್ತು.

ಈ ಒದೆಯನ್ನು ಮೊದಲು ಕಂಡು ಬರೆದಿಟ್ಟವರಲ್ಲಿ ಒಬ್ಬ ಅಮೆರಿಕದ ಆಲ್ಬನಿ ಊರಿನ ಮೇಷ್ಟ್ರು ಜೋಸೆಫ್ ಹೆನ್ರಿ. ಬ್ಯಾಟರಿಗೆ ಗಿಡ್ಡ ತಂತಿ ಜೋಡಿಸಿ ಬಿಡಿಸಿದರೆ ಏನೂ ಆಗೋದಿಲ್ಲ, ಉದ್ದ ತಂತಿ ಜೋಡಿಸಿ ಬಿಡಿಸಿದರೆ ಕಿಡಿ ಹಾರುತ್ತೆ, ತಂತಿಯನ್ನು ಸುರುಳಿ ಸುತ್ತಿದರೆ ಕಿಡಿ ಇನ್ನೂ ಜೋರು ಅಂತ ಅವನು 1832ರಲ್ಲಿ ಬರೆದ. ಜೋಡಿಸುವಾಗ ಅಲ್ಲ, ಬಿಡಿಸುವಾಗ! ಸುರುಳಿಯಲ್ಲಿ ಹರಿಯುವ ಕರೆಂಟು ತನ್ನ ಸುತ್ತ ಒಂದು ಆಯಸ್ಕಾಂತದ ಕ್ಷೇತ್ರ ಕಟ್ಟಿಕೊಂಡಿರುತ್ತೆ. ದಾರಿ ತಟ್ಟನೆ ಕಡಿದರೆ ಆ ಕ್ಷೇತ್ರ ಕುಸಿಯುತ್ತೆ, ಕುಸಿಯುತ್ತಾ ಹೇಗಾದರೂ ಕರೆಂಟನ್ನು ಮುಂದುವರಿಸೋಕೆ ನೋಡುತ್ತೆ, ಅದಕ್ಕೆ ಬೇಕಾದಷ್ಟು ವೋಲ್ಟೇಜನ್ನು ತಾನೇ ಹುಟ್ಟಿಸಿಕೊಳ್ಳುತ್ತೆ. ತುಂಬಿ ಓಡುವ ಪೈಪಿನ ಬಾಯಿಗೆ ಫಟ್ ಅಂತ ಕೈ ಮುಚ್ಚಿ ನೋಡಿ, ಪೈಪು ಹೇಗೆ ನಡುಗುತ್ತೆ ಅಂತ ರೈತರಿಗೆ ಗೊತ್ತು. 24 ವೋಲ್ಟಿನ ವಾಲ್ವಿನ ಕಾಯಿಲು ಬಿಡಿಸುವ ಗಳಿಗೆಯಲ್ಲಿ ನೂರಾರು ವೋಲ್ಟು ಹುಟ್ಟಿಸಬಲ್ಲದು. ಲೋ ವೋಲ್ಟೇಜ್ ಅನ್ನೋ ಪದ ಮನುಷ್ಯನ ಮೈಗೆ ಸಂಬಂಧಪಟ್ಟದ್ದು, ಚಿಪ್ಪಿಗೆ ಅದು ಯಾವ ಭರವಸೆಯನ್ನೂ ಕೊಡೋದಿಲ್ಲ.

ಅದೇ ಹೆನ್ರಿ ಕೆಲವೇ ವರ್ಷಗಳಲ್ಲಿ ರಿಲೇಯನ್ನೂ ಮಾಡಿದ. ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ತೆಗೆಯುವ ಉಪಾಯ. ರೋಗ ಕಂಡವನೇ ರೋಗ ಹುಟ್ಟಿಸುವ ಯಂತ್ರವನ್ನೂ ಕೊಟ್ಟ ಅಂತ ತಮಾಷೆ ಮಾಡಬಹುದು. ಮದ್ದು ಕೊಟ್ಟವನು ಫ್ರಾನ್ಸಿನ ಫಿಜೊ. ಕರೆಂಟು ಕಡಿಯುವ ಎರಡು ಲೋಹದ ತುದಿಗಳ ನಡುವೆ ಒಂದು ಕೆಪಾಸಿಟರು ಹಾಕಿ, ಕಿಡಿಯಾಗಿ ಹಾರೋದು ಅದರೊಳಗೆ ತುಂಬಿಕೊಳ್ಳಲಿ ಅಂತ 1853ರಲ್ಲಿ ತೋರಿಸಿದ. ತುಂಬಿಕೊಂಡದ್ದು ವಾಪಸ್ ನುಗ್ಗದಂತೆ ಜೊತೆಗೊಂದು ರೆಸಿಸ್ಟರು ಆಮೇಲೆ ಸೇರಿತು. ನಾವು ಇವತ್ತು ಸ್ನಬ್ಬರ್ ಅಂತ ಆನ್‌ಲೈನಿನಲ್ಲಿ ಕೊಳ್ಳುವ ಚಿಕ್ಕ ಡಬ್ಬಿ ಇಷ್ಟೇ.

ದೂರವಾಣಿನಗರದಲ್ಲಿ ಇದಕ್ಕೆ ಬೇರೆ ಹೆಸರಿತ್ತು. "ಸ್ಪಾರ್ಕ್ ಕ್ವೆಂಚ್," ಅಂದರು ಅಂಕಲ್. ಆ ಎರಡು ಪದಗಳನ್ನು ನಮ್ಮ ಅಜ್ಜಿ ದೇವರ ಹೆಸರು ಹೇಳುವ ಹಾಗೆ ಹೇಳಿದರು.

ಐಟಿಐ ಶುರುವಾದದ್ದು 1948ರಲ್ಲಿ, ಸ್ವಾತಂತ್ರ್ಯ ಬಂದ ಮರುವರ್ಷ. ಬ್ರಿಟನ್ನಿನ ಆಟೊಮ್ಯಾಟಿಕ್ ಟೆಲಿಫೋನ್ ಅಂಡ್ ಎಲೆಕ್ಟ್ರಿಕ್ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡು ಅಲ್ಲಿ ಸ್ಟ್ರೌಜರ್ ಎಕ್ಸ್‌ಚೇಂಜುಗಳನ್ನು ಮಾಡತೊಡಗಿದರು. ಸ್ಟ್ರೌಜರ್ ಅಂದರೆ ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ ಶವಸಂಸ್ಕಾರದ ಅಂಗಡಿ ಇಟ್ಟಿದ್ದವನು. ತನಗೆ ಬರುವ ಕರೆಗಳನ್ನು ಎಕ್ಸ್‌ಚೇಂಜಿನ ಆಪರೇಟರು ಎದುರಾಳಿ ಅಂಗಡಿಗೆ ತಿರುಗಿಸುತ್ತಾಳೆ ಅನ್ನೋ ಸಿಟ್ಟಿಗೆ ಆಪರೇಟರೇ ಬೇಡವಾದ ಎಕ್ಸ್‌ಚೇಂಜು ಮಾಡಿ 1891ರಲ್ಲಿ ಪೇಟೆಂಟ್ ಪಡೆದ ಅಂತ ಕತೆ. ನೀವು ಡಯಲ್ ತಿರುಗಿಸಿದಷ್ಟು ಸಲ ಒಂದು ಕಬ್ಬಿಣದ ಕೈ ಮೆಟ್ಟಿಲು ಮೆಟ್ಟಿಲಾಗಿ ಮೇಲೇರಿ, ಪಕ್ಕಕ್ಕೆ ತಿರುಗಿ, ಬೇಕಾದ ನಂಬರಿಗೆ ತಾಗಿಕೊಳ್ಳುತ್ತಿತ್ತು. ಒಂದು ಎಕ್ಸ್‌ಚೇಂಜಿನಲ್ಲಿ ಸಾವಿರಗಟ್ಟಲೆ ಕಾಯಿಲುಗಳು ಹಗಲು ರಾತ್ರಿ ಹತ್ತಿ ಆರುತ್ತಿದ್ದವು. ಅಂದರೆ ಸಾವಿರಗಟ್ಟಲೆ ಒದೆಗಳು.

ಆ ಒದೆಗೆ ಬಲಿಯಾಗುತ್ತಿದ್ದದ್ದು ಏನು? ಲೋಹ. ರಿಲೇಯ ಎರಡು ತುದಿಗಳು ಬೇರಾಗುವಾಗ ಹಾರುವ ಕಿಡಿ ಪ್ರತಿ ಸಲ ಒಂದು ಕಣದಷ್ಟು ಬೆಳ್ಳಿಯನ್ನು ಒಂದು ಕಡೆಯಿಂದ ಕಿತ್ತು ಇನ್ನೊಂದು ಕಡೆಗೆ ಅಂಟಿಸುತ್ತಿತ್ತು. ಒಂದು ಕಡೆ ಗುಳಿ, ಇನ್ನೊಂದು ಕಡೆ ಮೊಳೆ. ಕೊನೆಗೆ ಮೊಳೆ ಗುಳಿಯಲ್ಲಿ ಸಿಕ್ಕಿಕೊಂಡು ರಿಲೇ ಬಿಡಿಸಿಕೊಳ್ಳೋದೇ ನಿಲ್ಲಿಸುತ್ತಿತ್ತು. ಅದಕ್ಕೇ ಸೆಲೆಕ್ಟರುಗಳ ಕಾಯಿಲ್ಲಿಗೆಲ್ಲ ಸ್ಪಾರ್ಕ್ ಕ್ವೆಂಚ್. ಅಂಕಲ್ ಕೆಲಸ ಈ ರಿಲೇಗಳ ಸ್ಪ್ರಿಂಗುಗಳನ್ನು ಬಗ್ಗಿಸಿ ಹದ ಮಾಡೋದು. ಎಷ್ಟು ಗ್ರಾಮ್ ಒತ್ತಡ, ಎಷ್ಟು ಸಂದು ಅಂತ ಗೇಜು ಹಾಕಿ ನೋಡಬೇಕು. ಇಂಥ ಬೆಂಚುಗಳಲ್ಲಿ ಹೆಣ್ಣುಮಕ್ಕಳು ದೊಡ್ಡ ಸಂಖ್ಯೆಯಲ್ಲಿದ್ದರು. "ಅವರ ಕೈ ಹದ ನಮಗೆ ಬರ್ತಿರಲಿಲ್ಲಪ್ಪ, ನಿಜ ಹೇಳ್ಬೇಕು ಅಂದ್ರೆ" ಅಂದರು.

ನನ್ನ ಕೇಸಿಗೆ ತೀರಾ ಹತ್ತಿರದ್ದು ಇನ್ನೊಂದು, ಟೆಲಿಫೋನಿನ ಗಂಟೆ.

ಫೋನಿನ ಎರಡೇ ಎರಡು ತಂತಿಯಲ್ಲಿ ಎರಡು ಬೇರೆ ಜಾತಿಯ ಕರೆಂಟು ಓಡಾಡುತ್ತೆ ಅನ್ನೋದು ನನಗೆ ಗೊತ್ತೇ ಇರಲಿಲ್ಲ. ಮಾತಾಡುವಾಗ ಸುಮಾರು 48 ವೋಲ್ಟಿನ ಡಿಸಿ, ಅದರ ಮೇಲೆ ಸವಾರಿ ಮಾಡುವ ಮಾತು ಒಂದು ವೋಲ್ಟಿಗೂ ಕಡಿಮೆ. ಗಂಟೆ ಹೊಡೆಯೋಕೆ ಮಾತ್ರ ಎಸಿ ಬೇಕು, ನಮ್ಮಲ್ಲಿ 75 ವೋಲ್ಟು, ಸೆಕೆಂಡಿಗೆ 25 ಸಲ ಅತ್ತಿತ್ತ. 75 ಅನ್ನೋದು ಸರಾಸರಿ ಲೆಕ್ಕ, ತುದಿಯಲ್ಲಿ ಅದು 106 ಮುಟ್ಟುತ್ತೆ. ಕೆಳಗಿನ 48 ಸೇರಿದರೆ 150ರ ಮೇಲೆ. ಲೈನ್‌ಮನ್‌ಗಳು ತಂತಿ ಬಾಯಲ್ಲಿ ಕಚ್ಚಿ ಸುಲಿಯುವಾಗ ಯಾರದೋ ಕರೆ ಬಂದು ಹಲ್ಲು ಜುಮ್ಮೆಂದ ಕತೆಗಳು ಪ್ರತಿ ಊರಿನಲ್ಲೂ ಇವೆ. 0.4 ಸೆಕೆಂಡು ಟ್ರಿಂಗ್, 0.2 ಬಿಡುವು, ಮತ್ತೆ 0.4 ಟ್ರಿಂಗ್, ಎರಡು ಸೆಕೆಂಡು ಮೌನ. ನಾವು ಚಿಕ್ಕವರಿದ್ದಾಗ ಪಂಚಾಯ್ತಿ ಆಫೀಸಿನ ಕರಿ ಫೋನು ಬಾರಿಸುತ್ತಿದ್ದದ್ದು ಇದೇ ತಾಳ.

ಹಾಗಾದರೆ ಎಕ್ಸ್‌ಚೇಂಜು ಮಾಡುತ್ತಿದ್ದದ್ದು ನಾನು ಮಾಡಿದ್ದೇ. ಸಣ್ಣ ವೋಲ್ಟಿನ ಎಸಿಯನ್ನು ಉದ್ದನೆಯ ತಂತಿಯ ಕೊನೆಯಲ್ಲಿರುವ ಒಂದು ಕಾಯಿಲ್ಲಿಗೆ ಹಾಕಿ ತೆಗೆಯೋದು. ಅಲ್ಲಿ ಗಂಟೆ, ಇಲ್ಲಿ ವಾಲ್ವು. ಅವರಿಗೆ ಇನ್ನೊಂದು ಕಷ್ಟವೂ ಇತ್ತು. ಗಂಟೆ ಬಾರಿಸುತ್ತಿರುವಾಗಲೇ ಆ ಕಡೆಯವನು ರಿಸೀವರು ಎತ್ತುತ್ತಾನೆ. ಕಿವಿಗೆ ಇಡುವಷ್ಟರಲ್ಲಿ ಗಂಟೆಯ ಕರೆಂಟು ನಿಲ್ಲಬೇಕು. ಆದರೆ ಅವನು ಎತ್ತಿದ್ದು ಎಕ್ಸ್‌ಚೇಂಜಿಗೆ ತಿಳಿಯೋದು ಹೇಗೆ? ಗಂಟೆಯ ಜೊತೆ ಸರಣಿಯಲ್ಲಿ ಒಂದು ಕೆಪಾಸಿಟರು ಇರುತ್ತೆ, ಅದು ಎಸಿಯನ್ನು ಬಿಟ್ಟು ಡಿಸಿಯನ್ನು ತಡೆಯುತ್ತೆ. ರಿಸೀವರು ಎತ್ತಿದಾಗ ಮಾತ್ರ ಡಿಸಿ ಹರಿಯತೊಡಗುತ್ತೆ. ಅಬ್ಬರದ ಎಸಿಯ ನಡುವೆ ಆ ಸಣ್ಣ ಡಿಸಿಯನ್ನು ಗುರುತಿಸುವ ರಿಲೇಗೆ ಒಂದು ದಪ್ಪ ತಾಮ್ರದ ಬಳೆ ತೊಡಿಸಿರುತ್ತಿದ್ದರು. ಬಳೆ ಇರುವ ರಿಲೇ ಮಂದ, ಸೆಕೆಂಡಿಗೆ 25 ಸಲ ಅತ್ತಿತ್ತ ಎಳೆದಾಡಿದರೆ ಮಿಸುಕೋದಿಲ್ಲ. ಒಂದೇ ಕಡೆಗೆ ನಿಧಾನ ಎಳೆದರೆ ಮಾತ್ರ ಏಳುತ್ತೆ.

ಬಟನ್ ಒತ್ತಿದಾಗ ಬರುವ ಗದ್ದಲವನ್ನು ಸೋಸೋಕೆ ನಾವು ಡಿಬೌನ್ಸ್ ಅಂತ ಇಪ್ಪತ್ತು ಸಾಲು ಕೋಡ್ ಬರೀತೀವಿ. ಅವರು ಬಳೆ ತೊಡಿಸಿದ್ದರು. ಇದನ್ನು ಕೇಳಿದ ದಿನ ನನಗೆ ಸ್ವಲ್ಪ ನಾಚಿಕೆಯಾಯ್ತು, ಸುಳ್ಳು ಯಾಕೆ ಹೇಳಲಿ.

ಆದರೂ ಒಂದು ವ್ಯತ್ಯಾಸ ಇತ್ತು, ಅದು ಅರ್ಥವಾಗೋಕೆ ನನಗೆ ಎರಡನೇ ಭಾನುವಾರ ಬೇಕಾಯ್ತು. ಸ್ಟ್ರೌಜರ್ ಎಕ್ಸ್‌ಚೇಂಜಿನಲ್ಲಿ ಎಷ್ಟೇ ಕಿಡಿ ಹಾರಿದರೂ ಅದಕ್ಕೆ ಮರೆವು ಬರುತ್ತಿರಲಿಲ್ಲ. ಯಾಕೆಂದರೆ ಅದಕ್ಕೆ ತಲೆ ಅನ್ನೋದೇ ಒಂದು ಕಡೆ ಇರಲಿಲ್ಲ. ಪ್ರತಿ ಕಬ್ಬಿಣದ ಕೈ ತಾನು ಎಲ್ಲಿ ನಿಂತಿದೆಯೋ ಅದೇ ಅದರ ನೆನಪು. ಪಕ್ಕದ ರಿಲೇಯಲ್ಲಿ ಕಿಡಿ ಹಾರಿತು ಅಂತ ಕಬ್ಬಿಣ ಜಾಗ ಬಿಟ್ಟು ಕದಲೋದಿಲ್ಲ. ಎಲೆಕ್ಟ್ರಾನಿಕ್ಸ್ ಬಂದ ಮೇಲೆ ಎಕ್ಸ್‌ಚೇಂಜಿಗೆ ತಲೆ ಬಂತು, ಆ ತಲೆ 5 ವೋಲ್ಟಿನದು. ಅದಕ್ಕೆ ಒಂದು ಎರಡು ವೋಲ್ಟಿನ ಅಲುಗಾಟವೂ 'ಹೌದು' ಇದ್ದದ್ದನ್ನು 'ಇಲ್ಲ' ಮಾಡೋಕೆ ಸಾಕು. ಕಿಡಿ ಹಳೇದೇ. 1950ರಲ್ಲಿ ಅದು ಬೆಳ್ಳಿ ತಿನ್ನುತ್ತಿತ್ತು, ಈಗ ನೆನಪು ತಿನ್ನತೊಡಗಿತು.

ಇಲ್ಲಿಂದ ಕತೆ ನಮ್ಮೂರಿನ ಪಕ್ಕಕ್ಕೇ ಬರುತ್ತೆ.

1984ರ ಆಗಸ್ಟಿನಲ್ಲಿ ಸಿ-ಡಾಟ್ ಹುಟ್ಟಿತು. ಸ್ಯಾಮ್ ಪಿತ್ರೋಡಾ ಹೆಸರು ಎಲ್ಲರಿಗೂ ಗೊತ್ತು, ಅದನ್ನು ಮುನ್ನಡೆಸಿದ ಜಿ.ಬಿ. ಮೀಮಾಂಸಿಯವರ ಹೆಸರು ಅಷ್ಟು ಜನಕ್ಕೆ ಗೊತ್ತಿಲ್ಲ. 36 ತಿಂಗಳು, 36 ಕೋಟಿ ರೂಪಾಯಿ, ನಮ್ಮದೇ ಡಿಜಿಟಲ್ ಎಕ್ಸ್‌ಚೇಂಜು ಅಂತ ಮಾತು ಕೊಟ್ಟಿದ್ದರು. ದೊಡ್ಡ ಎಕ್ಸ್‌ಚೇಂಜು ಹೇಳಿದ ಹೊತ್ತಿಗೆ ಬರಲಿಲ್ಲ, ಅದರ ಬಗ್ಗೆ ಬೇಕಾದಷ್ಟು ಜಗಳ ಆಯ್ತು. ಆದರೆ ಮೊದಲು ಬಂದ ಚಿಕ್ಕದು ಇದೆಯಲ್ಲ, 128 ಪೋರ್ಟಿನ ರ್‍ಯಾಕ್ಸ್, ಅಂದರೆ ಹಳ್ಳಿಗಳಿಗೆ ಅಂತಲೇ ಮಾಡಿದ ಆಟೊಮ್ಯಾಟಿಕ್ ಎಕ್ಸ್‌ಚೇಂಜು, ಅದೇ ನಿಜವಾದ ಕೆಲಸ ಅಂತ ನನ್ನ ಅಭಿಪ್ರಾಯ. ಹೊರದೇಶದ ಎಲೆಕ್ಟ್ರಾನಿಕ್ ಎಕ್ಸ್‌ಚೇಂಜುಗಳಿಗೆ ಎಸಿ ರೂಮು ಬೇಕಿತ್ತು. ಇದು ಧೂಳು, ಸೆಕೆ, ಹೋಗಿ ಬರುವ ಕರೆಂಟು ಎಲ್ಲದರ ನಡುವೆ ಎಸಿ ಇಲ್ಲದೆ ನಡೆಯಬೇಕು ಅಂತಲೇ ಕಟ್ಟಿದ್ದು.

ಅದನ್ನು ಮೊದಲು ಕೂಡಿಸಿದ್ದು ಎಲ್ಲಿ ಗೊತ್ತಾ? ಕಿತ್ತೂರಿನಲ್ಲಿ. 1986ರ ಜುಲೈನಲ್ಲಿ. ಚೆನ್ನಮ್ಮನ ಕಿತ್ತೂರು, ನಾನು ಹೈಸ್ಕೂಲಿಗೆ ಸೈಕಲ್ ತುಳಿದ ಕಿತ್ತೂರು. ಕೋಟೆಯ ಬಗ್ಗೆ ಹತ್ತು ಸಲ ಪ್ರಬಂಧ ಬರೆಸಿದರು, ಈ ಎಕ್ಸ್‌ಚೇಂಜಿನ ಬಗ್ಗೆ ನಮ್ಮ ಮೇಷ್ಟ್ರು ಒಂದು ಮಾತೂ ಹೇಳಿರಲಿಲ್ಲ. ಮಾರತ್ತಹಳ್ಳಿಯ ವರಾಂಡದಲ್ಲಿ ಕೂತು ಇದನ್ನು ತಿಳಿಯಬೇಕಾಯ್ತು.

ಇಂಥ ಎಕ್ಸ್‌ಚೇಂಜುಗಳಲ್ಲಿ ಪ್ರತಿ ಫೋನಿನ ತಂತಿ ಬಂದು ಸೇರುವ ಲೈನ್ ಕಾರ್ಡು ಅಂತ ಇರುತ್ತೆ. ಅದರ ಕೆಲಸಗಳನ್ನು ನೆನಪಿಡೋಕೆ ಇಂಜಿನಿಯರುಗಳು ಬೋರ್ಷ್ಟ್ ಅಂತ ಒಂದು ಪದ ಮಾಡಿದ್ದಾರೆ, ಅದು ರಷ್ಯಾ ಕಡೆಯ ಬೀಟ್‌ರೂಟ್ ಸಾರು. ಬ್ಯಾಟರಿ, ಓವರ್‌ವೋಲ್ಟೇಜ್, ರಿಂಗಿಂಗ್, ಸೂಪರ್‌ವಿಷನ್, ಕೋಡಿಂಗ್, ಹೈಬ್ರಿಡ್, ಟೆಸ್ಟ್. ಅದರಲ್ಲಿ ಎರಡನೆಯದನ್ನೂ ಮೂರನೆಯದನ್ನೂ ನೋಡಿ. ಓವರ್‌ವೋಲ್ಟೇಜ್ ಅಂದರೆ ಹೊರಗಿಂದ ಬರುವ ಸಿಡಿಲು ಗಿಡಿಲಿನಿಂದ ಕಾಪಾಡೋದು. ರಿಂಗಿಂಗ್ ಅಂದರೆ ಆ 75 ವೋಲ್ಟಿನ ಎಸಿಯನ್ನು ತಂತಿಗೆ ಹಾಕೋದು. 5 ವೋಲ್ಟಿನ ತಲೆಯಿಂದ ಕೆಲವೇ ಸೆಂಟಿಮೀಟರು ದೂರದಲ್ಲಿ!

ಹಾಗಾಗಿ ಗಂಟೆಯ ಕರೆಂಟು ಬೇರೆ ಕಡೆ ತಯಾರಾಗಿ ತನ್ನದೇ ದಾರಿಯಲ್ಲಿ ಕಾರ್ಡಿಗೆ ಬರುತ್ತೆ. ಗಂಟೆ ಹೊಡೆಯಬೇಕಾದಾಗ ಒಂದು ಪುಟ್ಟ ರಿಲೇ ಹೊರಗಿನ ಎರಡೂ ತಂತಿಗಳನ್ನು ಮಾತಿನ ಸರ್ಕ್ಯೂಟಿನಿಂದ ಪೂರ್ತಿ ಬಿಡಿಸಿ ಗಂಟೆಯ ದಾರಿಗೆ ಸೇರಿಸುತ್ತೆ. ಮಾತಿನ ಕಡೆ ಆ ಹೊತ್ತಿಗೆ ಹೊರಗಿನ ಲೋಕವೇ ಇಲ್ಲ. ಅಕಸ್ಮಾತ್ ಏನಾದರೂ ನುಗ್ಗಿದರೆ ಅಂತ ತಂತಿಯ ಬಾಯಲ್ಲೇ ಗ್ಯಾಸ್ ತುಂಬಿದ ಟ್ಯೂಬು, ಅದು ಹೆಚ್ಚಿನ ವೋಲ್ಟೇಜನ್ನು ಭೂಮಿಗೆ ದೂಡುತ್ತೆ. ಇಷ್ಟಾದರೂ ತಲೆ ಕೆಟ್ಟರೆ? ರ್‍ಯಾಕ್ಸಿನಲ್ಲಿ ನಿಯಂತ್ರಣದ ಭಾಗ ಜೋಡಿ ಜೋಡಿ, ಒಂದು ಕೆಲಸ ಮಾಡುವಾಗ ಇನ್ನೊಂದು ತಯಾರಾಗಿ ಕಾದಿರುತ್ತೆ. ತಲೆ ಕೆಡೋದಿಲ್ಲ ಅಂತ ಅವರು ನಂಬಿರಲಿಲ್ಲ, ಕೆಟ್ಟೇ ಕೆಡುತ್ತೆ ಅಂತ ಲೆಕ್ಕ ಹಾಕಿದ್ದರು.

ಅಂಕಲ್ ಇದನ್ನು ಒಂದೇ ಸಾಲಿನಲ್ಲಿ ಹೇಳಿದ್ದರು. "ಗಂಟೆ ಕರೆಂಟೂ ಮಾತಿನ ಕರೆಂಟೂ ಒಂದೇ ಬಾಗಿಲಲ್ಲಿ ಓಡಾಡಬಾರದು ಕಣಪ್ಪ."

ಪೆಟ್ಟಿಗೆಯನ್ನು ಊರಿಂದ ತರಿಸಿಕೊಂಡು ಬಿಚ್ಚಿದೆ. ನನ್ನ ನೀಲಿ ರಿಲೇ ಬೋರ್ಡಿನಲ್ಲಿ ಮೈಕ್ರೊಕಂಟ್ರೋಲರಿಗೂ ರಿಲೇಗೂ ನಡುವೆ ಬೆಳಕಿನಿಂದ ಮಾತಾಡುವ ಆಪ್ಟೊಕಪ್ಲರುಗಳಿವೆ. ಅದನ್ನು ನೋಡಿಯೇ ಕೊಂಡಿದ್ದೆ, ಎರಡೂ ಕಡೆ ತಂತಿಯ ಸಂಬಂಧವೇ ಇಲ್ಲ ಅಂತ ನಿಶ್ಚಿಂತೆಯಿಂದಿದ್ದೆ. ಆದರೆ ಬೋರ್ಡಿನ ಮೂಲೆಯಲ್ಲಿ ಜೆಡಿ-ವಿಸಿಸಿ ಅಂತ ಬರೆದ ಒಂದು ಪುಟ್ಟ ಜಂಪರು ಇದೆ. ಅಂಗಡಿಯಿಂದ ಬರುವಾಗಲೇ ಅದು ಹಾಕಿಕೊಂಡೇ ಬರುತ್ತೆ. ಅದು ಇರುವವರೆಗೆ ರಿಲೇಯ ಕಾಯಿಲೂ ಮೈಕ್ರೊಕಂಟ್ರೋಲರೂ ಒಂದೇ 5 ವೋಲ್ಟನ್ನು ಹಂಚಿಕೊಂಡು ಕುಡಿಯುತ್ತಿರುತ್ತವೆ. ನಡುವೆ ಗೋಡೆ ಕಟ್ಟಿ, ಹಿತ್ತಲ ಬಾಗಿಲು ತೆರೆದಿಟ್ಟ ಹಾಗೆ. ಬೆರಳ ತುದಿಯಷ್ಟು ಪ್ಲಾಸ್ಟಿಕ್ಕು. ಕಿತ್ತು ತೆಗೆದೆ, ರಿಲೇಗಳಿಗೆ ಬೇರೆ ಅಡಾಪ್ಟರು ಕೊಟ್ಟು ಎರಡರ ನೆಲದ ತಂತಿಯನ್ನೂ ಬೇರೆ ಮಾಡಿದೆ.

ಎರಡನೆಯದು ವಾಲ್ವಿನ ಕಡೆ. ನಾನು ಕಾಲೇಜಿನಲ್ಲಿ ಕಲಿತದ್ದು, ಕಾಯಿಲ್ಲಿಗೆ ಅಡ್ಡ ಒಂದು ಡಯೋಡು ಹಾಕಿದರೆ ಒದೆ ಅಲ್ಲೇ ತಿರುಗಿ ತಣ್ಣಗಾಗುತ್ತೆ ಅಂತ. ಅದು ಡಿಸಿಗೆ ಸರಿ. ಎಸಿಯಲ್ಲಿ ದಿಕ್ಕು ಸೆಕೆಂಡಿಗೆ ನೂರು ಸಲ ಬದಲಾಗುತ್ತೆ, ಡಯೋಡು ಹಾಕಿದರೆ ಪ್ರತಿ ಎರಡನೇ ಅರ್ಧಕ್ಕೆ ಅದು ನೇರ ಶಾರ್ಟ್ ಸರ್ಕ್ಯೂಟು. ಅಲ್ಲಿಗೆ ಫಿಜೊನ ಮದ್ದೇ ಬೇಕು. ರಿಲೇಯ ತುದಿಗಳಿಗೆ ಅಡ್ಡವಾಗಿ 100 ಓಮಿನ ರೆಸಿಸ್ಟರು, 0.1 ಮೈಕ್ರೊಫ್ಯಾರಡ್ ಕೆಪಾಸಿಟರು ಸರಣಿಯಲ್ಲಿ. ರಿಲೇ ತೆರೆದಿದ್ದಾಗಲೂ ಕೆಪಾಸಿಟರ್ ಮೂಲಕ ಎಸಿ ಸ್ವಲ್ಪ ಸೋರುತ್ತಲ್ಲ, ವಾಲ್ವು ತಾನೇ ತೆರೆದುಕೊಂಡೀತೇ ಅಂತ ಹೆದರಿ ಲೆಕ್ಕ ಹಾಕಿದೆ. 24 ವೋಲ್ಟಿಗೆ ಒಂದು ಮಿಲಿಆಂಪಿಗೂ ಕಡಿಮೆ, ನನ್ನ ವಾಲ್ವು ಹಿಡಿದು ನಿಲ್ಲೋಕೆ ಸುಮಾರು 200 ಬೇಕು. ಚಿಂತೆಯಿಲ್ಲ. ಕಾಯಿಲ್ಲಿಗೆ ಅಡ್ಡ ಒಂದು ವೇರಿಸ್ಟರ್ ಕೂಡ ಹಾಕಿದೆ. ಅದು ನಿಗದಿತ ವೋಲ್ಟೇಜ್ ದಾಟಿದರೆ ತಾನೇ ದಾರಿ ಬಿಟ್ಟು ಹೆಚ್ಚಿನದನ್ನು ನುಂಗಿಕೊಳ್ಳುವ ಬಿಲ್ಲೆ. 24 ಎಸಿಯ ತುದಿ 34 ವೋಲ್ಟು, ಟ್ರಾನ್ಸ್‌ಫಾರ್ಮರ್ ಖಾಲಿ ಇದ್ದಾಗ ಇನ್ನೂ ನಾಲ್ಕೈದು ಮೇಲೆ. ಹಾಗಾಗಿ 47ರದ್ದು ತಂದೆ.

ರಿಲೇ ಬಿಟ್ಟು ಟ್ರಯಾಕ್ ಹಾಕು ಅಂತ ಗೆಳೆಯನೊಬ್ಬ ಹೇಳಿದ. ಟ್ರಯಾಕಿನಲ್ಲಿ ಬೇರಾಗುವ ಲೋಹವೇ ಇಲ್ಲ, ಕರೆಂಟು ಸೊನ್ನೆಗೆ ಬಂದಾಗ ತಾನೇ ಆರುತ್ತೆ. ಕಿಡಿಗೆ ಜಾಗವೇ ಇಲ್ಲ. ಆದರೆ ಕಾಯಿಲ್ಲಿನಲ್ಲಿ ಕರೆಂಟು ವೋಲ್ಟೇಜಿಗಿಂತ ಹಿಂದೆ ಬೀಳುತ್ತೆ. ಕರೆಂಟು ಸೊನ್ನೆಯಾದ ಗಳಿಗೆಯಲ್ಲಿ ವೋಲ್ಟೇಜು ಎತ್ತರದಲ್ಲಿರುತ್ತೆ, ಅದು ಧಡಕ್ಕನೆ ಟ್ರಯಾಕಿನ ಮೇಲೆ ಬಿದ್ದರೆ ಆರಿದ್ದು ಮತ್ತೆ ಹತ್ತಿಕೊಳ್ಳಬಹುದು. ಅದಕ್ಕೂ ಸ್ನಬ್ಬರ್ರೇ ಬೇಕು. ತಿರುಗಿ ಬಂದರೆ ಫಿಜೊನ ಮನೆಯೇ. ನಾನು ರಿಲೇಯಲ್ಲೇ ಉಳಿದೆ. ಕಾರಣ ಇಂಜಿನಿಯರಿಂಗಿನದ್ದಲ್ಲ, ರಿಲೇ 'ಟಿಕ್' ಅನ್ನುತ್ತೆ, ಅಪ್ಪನಿಗೆ ಕೇಳಿಸುತ್ತೆ.

ಹೊಲಕ್ಕೆ ಹೋಗುವ ಕೇಬಲ್ಲನ್ನೂ ತೇವ ಅಳೆಯುವ ಸೆನ್ಸರಿನ ತಂತಿಯನ್ನೂ ನಾನು ಒಂದೇ ಪೈಪಿನಲ್ಲಿ ಎಳೆದಿದ್ದೆ, ಚೆಂದ ಕಾಣಲಿ ಅಂತ. ಮೊದಲೆಲ್ಲ ಧಾರವಾಡ ಆಕಾಶವಾಣಿ ಕೇಳುವಾಗ ಯಾರಾದರೂ ಫ್ಯಾನಿನ ಸ್ವಿಚ್ಚು ಆರಿಸಿದರೆ ರೇಡಿಯೋ 'ಟರ್' ಅನ್ನುತ್ತಿತ್ತಲ್ಲ, ತಂತಿ ಮುಟ್ಟದೆಯೂ ಕಿಡಿಯ ಸುದ್ದಿ ಅಷ್ಟು ದೂರ ಹೋಗುತ್ತೆ. ಇನ್ನು ಪಕ್ಕದಲ್ಲೇ ಉದ್ದಕ್ಕೂ ಮಲಗಿದ ತಂತಿಗೆ ಹೋಗದೇ ಇರುತ್ತಾ? ಎರಡನ್ನೂ ಬೇರೆ ಮಾಡೋಕೆ ಅಪ್ಪ ಮತ್ತು ನಾನು ಒಂದು ಇಡೀ ದಿನ ಗುದ್ದಲಿ ಹಿಡಿದೆವು. "ಒಂದ ಸಲ ಸರಿಯಾಗಿ ಮಾಡಿದ್ರ ಎರಡ ಸಲ ಅಗಿಯೂದು ತಪ್ಪತಿತ್ತು" ಅಂದ. ಮೂರು ತಿಂಗಳಿಂದ ಬಾಕಿ ಇಟ್ಟುಕೊಂಡಿದ್ದ ಬೈಗುಳ ಅದು. ನನಗೆ ಸಮಾಧಾನವಾಯ್ತು.

ಕೊನೆಯದಾಗಿ ಕಿತ್ತೂರಿನ ಪಾಠ. ತಲೆ ಕೆಟ್ಟೇ ಕೆಡುತ್ತೆ ಅಂತ ಹಿಡಿದು ವಾಚ್‌ಡಾಗ್ ಟೈಮರ್ ಹಾಕಿದೆ. ಈ ಸೌಲಭ್ಯ ಚಿಪ್ಪಿನೊಳಗೆ ಮೊದಲ ದಿನದಿಂದಲೂ ಇತ್ತು, ನಾನೇ ಬಳಸಿರಲಿಲ್ಲ. ಪ್ರೋಗ್ರಾಮು ಎರಡು ಸೆಕೆಂಡು ಉಸಿರೆತ್ತದಿದ್ದರೆ ಅದು ಚಿಪ್ಪನ್ನು ಎಬ್ಬಿಸಿ ಕೂರಿಸುತ್ತೆ. ಎದ್ದ ಕೂಡಲೇ ಮಾಡುವ ಮೊದಲ ಕೆಲಸ ಎಲ್ಲ ವಾಲ್ವು ಮುಚ್ಚಿ ಮೋಟರನ್ನು ನಿಲ್ಲಿಸೋದು, ಆಮೇಲೆ ಉಳಿದ ಯೋಚನೆ.

ಈ ಸಲ ಬಲ್ಬು ಹಾಕಲಿಲ್ಲ. ನಿಜವಾದ ವಾಲ್ವುಗಳನ್ನೇ ಅಂಕಲ್ ಮನೆಯ ವರಾಂಡದಲ್ಲಿಟ್ಟು, ಐದೈದು ಸೆಕೆಂಡಿಗೊಮ್ಮೆ ಹಾಕಿ ತೆಗೆದು ಒಂದು ವಾರ ಓಡಿಸಿದೆ. ಮೊದಲು ಏನೂ ರಕ್ಷಣೆ ಇಲ್ಲದೆ ಓಡಿಸಿದಾಗ ಒಂದು ಗಂಟೆಯೊಳಗೆ ನಾಲ್ಕು ಸಲ ನಿಂತಿತು. ಎಲ್ಲ ಹಾಕಿದ ಮೇಲೆ ವಾರವಿಡೀ ಒಂದು ಸಲವೂ ನಿಲ್ಲಲಿಲ್ಲ. ಅಂಕಲ್ ದಿನಾ ಬೆಳಿಗ್ಗೆ ಕಾಫಿ ಲೋಟ ಹಿಡಿದು ಬಂದು ಕಿವಿಗೊಟ್ಟು ಹೋಗುತ್ತಿದ್ದರು. ಆರನೇ ದಿನ, "ಮೂರನೇ ರಿಲೇ ಸ್ವಲ್ಪ ಮಂದ ಆಗಿದೆ, ಬದಲಾಯಿಸ್ಬಿಡು" ಅಂದರು. ನನಗೆ ನಾಲ್ಕೂ ಒಂದೇ ಥರ ಕೇಳಿಸುತ್ತಿತ್ತು. ಬದಲಾಯಿಸಿದೆ.

ಪೆಟ್ಟಿಗೆ ಈಗ ಎರಡು ಬೆಳೆ ಕಂಡಿದೆ. ದೀಪಾವಳಿಗೆ ಹೋದಾಗ ರಾತ್ರಿ ಎಚ್ಚರವಾಗಿ ನೋಡಿದರೆ ಅಪ್ಪ ಕತ್ತಲಲ್ಲಿ ಹಾಸಿಗೆ ಮೇಲೆ ಎದ್ದು ಕೂತಿದ್ದ. ಗಂಟೆ ಎರಡು. ಹಿಂದಿನ ಗೋಡೆಯಲ್ಲಿ ಟಿಕ್ ಅಂತು.

"ಎರಡನೇದ್ದು ಬಿಡ್ತು," ಅಂದ.

ಸ್ವಲ್ಪ ಹೊತ್ತಿಗೆ ಇನ್ನೊಂದು ಟಿಕ್.

"ಒಂದನೇದ್ದು ಮುಚ್ಚಿತು. ಮಲ್ಕೊ ಇನ್ನ," ಅಂತ ಚಾದರ ಎಳೆದುಕೊಂಡ.